ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಕ್ವಾಲಿಟಿ ಅಶ್ಯೂರೆನ್ಸ್: ಎರಡು ಪತ್ರಿಕೆಗಳನ್ನು ಒಟ್ಟಿಗೆ ಓದುವುದು ಹೇಗೆ?

ಪ್ರಶ್ನೆ: ಸಾಫ್ಟ್‌ವೇರ್ ಎಂಜಿನಿಯರಿಂಗ್ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಈ ಸೆಮಿಸ್ಟರಿನಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಕ್ವಾಲಿಟಿ ಅಶ್ಯೂರೆನ್ಸ್ ಎಂಬ ಎರಡು ಪತ್ರಿಕೆಗಳಿವೆ. ಜೊತೆಗೆ ನಾಲ್ವರ ತಂಡದಲ್ಲಿ 14 ವಾರದ ಪ್ರಾಜೆಕ್ಟೂ ಇದೆ. ಕೋಡ್ ಬರೆಯುವುದು ನನಗೆ ಕಷ್ಟವಲ್ಲ. ಆದರೆ ಈ ಪುಸ್ತಕಗಳ ತುಂಬ ಬರೀ ವ್ಯಾಖ್ಯೆ, ಸೂತ್ರ, ನಕ್ಷೆಗಳು. ಇವತ್ತು ಓದಿದ್ದು ನಾಳೆಗೆ ನೆನಪಿರುವುದಿಲ್ಲ. ಯಾವುದನ್ನು ಆಳವಾಗಿ ಓದಬೇಕು? ಪ್ರಾಜೆಕ್ಟ್‌ನಲ್ಲಿ ಇದನ್ನೆಲ್ಲ ನಿಜವಾಗಿ ಬಳಸಲು ಆಗುತ್ತದೆಯೇ? ಪ್ರಮಾಣಪತ್ರದ ಪರೀಕ್ಷೆಗಳನ್ನು ಈಗಲೇ ಬರೆಯಬೇಕೇ?

ಉತ್ತರ: ಓದಿದ್ದು ಮರೆತುಹೋಗುವುದಕ್ಕೆ ನಿಮ್ಮ ನೆನಪಿನ ಶಕ್ತಿಯನ್ನು ದೂರಬೇಡಿ. ಈ ಎರಡು ವಿಷಯಗಳನ್ನು ಯಾವ ಕೆಲಸಕ್ಕೂ ಹಚ್ಚದೆ ಉರು ಹೊಡೆದರೆ ಯಾರಿಗೂ ತಲೆಯಲ್ಲಿ ನಿಲ್ಲುವುದಿಲ್ಲ. ಎರಡೂ ಪತ್ರಿಕೆಗಳು ಕೇಳುವ ಮೂಲ ಪ್ರಶ್ನೆ ಒಂದೇ: ಈ ಕೆಲಸ ಮುಗಿದಿದೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ? ಮ್ಯಾನೇಜ್‌ಮೆಂಟ್ ಪತ್ರಿಕೆ ಅದನ್ನು ಗಂಟೆ, ದಿನ, ಖರ್ಚಿನ ಲೆಕ್ಕದಲ್ಲಿ ಕೇಳುತ್ತದೆ, ಕ್ವಾಲಿಟಿ ಪತ್ರಿಕೆ ಪುರಾವೆಯ ಲೆಕ್ಕದಲ್ಲಿ ಕೇಳುತ್ತದೆ. ತಂಡದ ಒಬ್ಬರಿಗೆ 'ಮುಗಿದಿದೆ' ಎಂದರೆ 'ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ' ಎಂದೂ ಇನ್ನೊಬ್ಬರಿಗೆ 'ಟೆಸ್ಟ್ ಆಗಿ, ರಿವ್ಯೂ ಆಗಿ, ಮುಖ್ಯ ಶಾಖೆಗೆ ಸೇರಿದೆ' ಎಂದೂ ಅರ್ಥವಾದರೆ, ವೇಳಾಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ನಂಬುವ ಹಾಗಿಲ್ಲ. ಆದ್ದರಿಂದ ಎರಡು ನೋಟ್‌ಬುಕ್ ಇಡಬೇಡಿ. ಒಂದೇ ಇಡಿ, ಪ್ರತಿ ಸೂತ್ರವನ್ನೂ ನಿಮ್ಮದೇ ಪ್ರಾಜೆಕ್ಟ್‌ನ ಅಂಕಿಗಳ ಮೇಲೆ ಹಾಕಿ ನೋಡಿ.

ಎರಡೂ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತಿಳಿಯಲು ಏರಿಯಾನ್ 5 ರಾಕೆಟ್‌ನ ಪ್ರಕರಣವನ್ನು ವಿವರವಾಗಿ ಓದಿಕೊಳ್ಳಿ. 1996ರ ಜೂನ್ 4ರಂದು ಆ ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಉಡಾವಣಾ ಪ್ರಕ್ರಿಯೆ ಶುರುವಾಗಿ ಸುಮಾರು 40 ಸೆಕೆಂಡಿಗೆ, ಛಿದ್ರವಾಯಿತು. ಅದರ ದಿಕ್ಕು ತಿಳಿಸುವ ಉಪಕರಣದ ಸಾಫ್ಟ್‌ವೇರನ್ನು ಹಿಂದಿನ ಏರಿಯಾನ್ 4ರಿಂದ ಎತ್ತಿಕೊಳ್ಳಲಾಗಿತ್ತು. ಅಡ್ಡಡ್ಡ ವೇಗಕ್ಕೆ ಸಂಬಂಧಿಸಿದ ಒಂದು ಬೆಲೆಯನ್ನು 64 ಬಿಟ್‌ನ ದಶಮಾಂಶ ರೂಪದಿಂದ 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸುವ ಸಾಲೊಂದು ಅದರಲ್ಲಿತ್ತು. ಚಿಹ್ನೆಯಿರುವ 16 ಬಿಟ್‌ನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಹಳೆಯ ರಾಕೆಟ್‌ಗೆ ಅಷ್ಟು ಸಾಕಾಗುತ್ತಿತ್ತು. ಹೊಸದರ ಅಡ್ಡ ವೇಗ ಹಾರಾಟದ ಆರಂಭದಲ್ಲೇ ಹೆಚ್ಚಾಗಿ ಏರುತ್ತಿದ್ದುದರಿಂದ ಬೆಲೆ ಮಿತಿ ದಾಟಿತು, ಉಪಕರಣ ಕೆಲಸ ನಿಲ್ಲಿಸಿತು. ಪಕ್ಕದಲ್ಲಿದ್ದ ಬದಲಿ ಉಪಕರಣದಲ್ಲೂ ಅದೇ ಸಾಫ್ಟ್‌ವೇರ್ ಇದ್ದುದರಿಂದ ಅದೂ ಅದೇ ಕಾರಣಕ್ಕೆ ಕೈಕೊಟ್ಟಿತ್ತು. ಉಪಕರಣ ಕಳಿಸಿದ ದೋಷಸೂಚನೆಯ ದತ್ತಾಂಶವನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದು ತಿಳಿದು ರಾಕೆಟ್‌ನ ದಿಕ್ಕನ್ನೇ ತಿರುಗಿಸಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಕೋಡಿನ ತಪ್ಪು ಎನ್ನಿಸುತ್ತದೆ. ತನಿಖಾ ಮಂಡಳಿ ಇನ್ನೂ ಮುಂದಕ್ಕೆ ಹೋಗಿ ನೋಡಿತು. ಹೀಗೆ ಮಿತಿ ಮೀರಬಹುದಾದ ಏಳು ಬೆಲೆಗಳ ಪೈಕಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಹಾಗೇ ಬಿಡಲಾಗಿತ್ತು. ಕಂಪ್ಯೂಟರಿನ ಮೇಲಿನ ಹೊರೆ 80 ಪ್ರತಿಶತ ಮೀರಬಾರದು ಎಂಬ ಗುರಿ ಅದಕ್ಕೆ ಒಂದು ಕಾರಣ. ಹೊಸ ರಾಕೆಟ್‌ನ ಹಾರಾಟದ ಪಥವನ್ನು ಉಪಕರಣದ ಅಗತ್ಯಗಳ ದಾಖಲೆಗೆ ಸೇರಿಸಿರಲಿಲ್ಲ, ಆ ಪಥದ ಅಂಕಿಗಳನ್ನು ಕೊಟ್ಟು ಟೆಸ್ಟ್ ಮಾಡಿಯೂ ಇರಲಿಲ್ಲ. ಮಿಗಿಲಾಗಿ, ಕೈಕೊಟ್ಟ ಆ ಭಾಗಕ್ಕೆ ಹೊಸ ರಾಕೆಟ್ ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ. ಅಗತ್ಯಗಳ ನಿರ್ವಹಣೆ, ಮರುಬಳಕೆಯ ರಿಸ್ಕ್, ಸಂಪನ್ಮೂಲದ ಮಿತಿ, ರಿವ್ಯೂ, ಗಡಿಬೆಲೆ, ಟೆಸ್ಟ್ ವಾತಾವರಣ: ನಿಮ್ಮ ಎರಡೂ ಪತ್ರಿಕೆಗಳ ಅರ್ಧ ಪಠ್ಯ ಈ ಒಂದು ಘಟನೆಯೊಳಗಿದೆ. ಅಧ್ಯಾಯ ಓದುವಾಗಲೆಲ್ಲ 'ಇದು ಅಲ್ಲಿ ಎಲ್ಲಿ ತಪ್ಪಿತು?' ಎಂದು ಕೇಳಿಕೊಂಡರೆ ವ್ಯಾಖ್ಯೆಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಇನ್ನು ಮ್ಯಾನೇಜ್‌ಮೆಂಟ್ ಪತ್ರಿಕೆಗೆ ಬರೋಣ. ಇಲ್ಲಿ ಆಳವಾಗಿ ಕಲಿಯಬೇಕಾದದ್ದು ಒಂದೇ ಸರಪಳಿ: ಕೆಲಸವನ್ನು ಒಡೆಯುವುದು, ಪ್ರತಿ ತುಂಡಿಗೆ ಅಂದಾಜು ಹಾಕುವುದು, ತುಂಡುಗಳನ್ನು ಜಾಲವಾಗಿ ಜೋಡಿಸುವುದು, ಆಮೇಲೆ ವಾರವಾರವೂ ನಿಜಸ್ಥಿತಿಯನ್ನು ಅಳೆಯುವುದು.

ಒಡೆಯುವಾಗ ಪ್ರತಿ ತುಂಡೂ 8ರಿಂದ 16 ಗಂಟೆಯೊಳಗೆ ಮುಗಿಯುವಂತಿರಲಿ, ಕೊನೆಯಲ್ಲಿ ಕೈಗೆ ಸಿಗುವ ವಸ್ತುವೊಂದು ಇರಲಿ. 'ಡೇಟಾಬೇಸ್ ಕೆಲಸ' ಎಂದು ಬರೆದರೆ ಅದು ತುಂಡಲ್ಲ. 'ಬುಕಿಂಗ್ ಕೋಷ್ಟಕ, ಅದಕ್ಕೆ ನಾಲ್ಕು ಕ್ವೆರಿ, ಅವುಗಳ ಟೆಸ್ಟ್' ಎಂದರೆ ಅದನ್ನು ಅಂದಾಜು ಮಾಡಬಹುದು. ವಿದ್ಯಾರ್ಥಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವು ಇವು: ರಿವ್ಯೂ, ರಿವ್ಯೂ ನಂತರದ ತಿದ್ದುಪಡಿ, ಭಾಗಗಳನ್ನು ಕೂಡಿಸುವುದು, ಟೆಸ್ಟ್‌ಗೆ ಬೇಕಾದ ದತ್ತಾಂಶದ ತಯಾರಿ, ವರದಿ, ಪ್ರದರ್ಶನದ ಸಿದ್ಧತೆ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೂ ಸಮಯ ಹಿಡಿಯುತ್ತದೆ. ಅಂದಾಜು ತಪ್ಪುವುದಕ್ಕೆ ಲೆಕ್ಕದ ದೋಷಕ್ಕಿಂತ ಈ ಮರೆವೇ ಹೆಚ್ಚು ಕಾರಣ.

ಅಂದಾಜಿಗೆ ಮೂರು ಅಂಕಿಯ ವಿಧಾನ ಸಾಕು. ಎಲ್ಲ ಸಲೀಸಾಗಿ ನಡೆದರೆ 4 ಗಂಟೆ, ಸಾಮಾನ್ಯವಾಗಿ 6, ಎಡವಟ್ಟಾದರೆ 14 ಎಂದಿಟ್ಟುಕೊಳ್ಳಿ. ಮಧ್ಯದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿ, ಆರರಿಂದ ಭಾಗಿಸಿದರೆ 42 ಭಾಗಿಸು 6, ಅಂದರೆ 7 ಗಂಟೆ. ಮಾನಕ ವಿಚಲನೆ 14ರಲ್ಲಿ 4 ಕಳೆದು ಆರರಿಂದ ಭಾಗಿಸಿದ್ದು, ಸುಮಾರು 1.67. ಪರೀಕ್ಷೆಯಲ್ಲಿ ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇದರ ಮುಂದಿನ ಹೆಜ್ಜೆಯಲ್ಲಿ. ಒಂದೇ ದಾರಿಯ ಮೂರು ಕೆಲಸಗಳ ವಿಚಲನೆ 1, 2, 2 ಆಗಿದ್ದರೆ ಒಟ್ಟು 5 ಎಂದು ಬರೆಯುತ್ತಾರೆ. ವಿಚಲನೆಗಳನ್ನು ನೇರವಾಗಿ ಕೂಡುವ ಹಾಗಿಲ್ಲ. ಅವುಗಳ ವರ್ಗಗಳನ್ನು ಕೂಡಬೇಕು: 1, 4, 4 ಸೇರಿ 9, ಅದರ ವರ್ಗಮೂಲ 3.

ನಿರ್ಣಾಯಕ ಪಥವನ್ನು, ಅಂದರೆ ಪ್ರಾಜೆಕ್ಟ್‌ನ ಒಟ್ಟು ಅವಧಿಯನ್ನು ತೀರ್ಮಾನಿಸುವ ಅತಿ ಉದ್ದದ ದಾರಿಯನ್ನು, ಕಾಗದದ ಮೇಲೆ ಕನಿಷ್ಠ ಹತ್ತು ಸಲ ಬಿಡಿಸಿ. ಉದಾಹರಣೆಗೆ: ಅಗತ್ಯಗಳ ಸಂಗ್ರಹ 3 ದಿನ. ಅದಾದ ಮೇಲೆ ಒಂದು ಕಡೆ ಡೇಟಾಬೇಸ್ ವಿನ್ಯಾಸ 2 ದಿನ, ಅದರ ಹಿಂದೆ ಸರ್ವರ್ ಕೋಡ್ 5 ದಿನ. ಇನ್ನೊಂದು ಕಡೆ ಪರದೆಗಳು 4 ದಿನ. ಎರಡೂ ಮುಗಿದ ಮೇಲೆ ಕೂಡಿಸುವುದು 2 ದಿನ, ಕೊನೆಗೆ ಟೆಸ್ಟಿಂಗ್ 3 ದಿನ. ಸರ್ವರ್ ದಾರಿಯಲ್ಲಿ 15 ದಿನ, ಪರದೆಗಳ ದಾರಿಯಲ್ಲಿ 12. ಆದ್ದರಿಂದ ಸರ್ವರ್ ದಾರಿಯೇ ನಿರ್ಣಾಯಕ, ಪರದೆಗಳಿಗೆ 3 ದಿನದ ಸಡಿಲವಿದೆ. ಮುಂದಕ್ಕೆ ಲೆಕ್ಕ ಹಾಕುವಾಗ ಕೂಡುವ ಜಾಗದಲ್ಲಿ ದೊಡ್ಡ ಅಂಕಿ ಹಿಡಿಯಬೇಕು, ಹಿಂದಕ್ಕೆ ಬರುವಾಗ ಸಣ್ಣದನ್ನು. ಇದು ಅದಲುಬದಲಾದರೆ ಉತ್ತರವೆಲ್ಲ ಕೆಡುತ್ತದೆ. ಇನ್ನೊಂದು ಮಾತು, ಇದು ಪರೀಕ್ಷೆಗಿಂತ ಪ್ರಾಜೆಕ್ಟ್‌ಗೆ ಮುಖ್ಯ: ಪರದೆ ಬರೆಯುವವರು 'ಮೂರು ದಿನ ಬಿಡುವಿದೆ' ಎಂದು ಕೂತು, ಆಮೇಲೆ ಇನ್ನೊಂದು ದಿನ ತಡ ಮಾಡಿದರೆ ನಿರ್ಣಾಯಕ ಪಥವೇ ಅವರ ಕಡೆಗೆ ಹೊರಳುತ್ತದೆ. ಹಾಗಾಗಿ ಜಾಲವನ್ನು ಒಮ್ಮೆ ಬಿಡಿಸಿ ಫೈಲಿಗೆ ಸೇರಿಸಿಬಿಟ್ಟರೆ ಆಗಲಿಲ್ಲ, ವಾರಕ್ಕೊಮ್ಮೆ ತಿದ್ದಬೇಕು.

ಕೋಡಿನ ಗಾತ್ರದಿಂದ ಶ್ರಮವನ್ನು ಅಂದಾಜು ಮಾಡುವ ಕೊಕೊಮೊ ಮಾದರಿ ಪಠ್ಯದಲ್ಲಿ ಖಂಡಿತ ಇರುತ್ತದೆ. 1981ರ ಮೂಲ ರೂಪದಲ್ಲಿ, ಸರಳ ಬಗೆಯ ಪ್ರಾಜೆಕ್ಟ್‌ಗೆ, ಸಾವಿರ ಸಾಲುಗಳ ಲೆಕ್ಕದ ಗಾತ್ರವನ್ನು 1.05ರ ಘಾತಕ್ಕೇರಿಸಿ 2.4ರಿಂದ ಗುಣಿಸಬೇಕು. 10,000 ಸಾಲಿಗೆ ಸುಮಾರು 27 ಜನ-ತಿಂಗಳು ಬರುತ್ತದೆ. ಅವಧಿಗೆ ಆ ಅಂಕಿಯನ್ನು 0.38ರ ಘಾತಕ್ಕೇರಿಸಿ 2.5ರಿಂದ ಗುಣಿಸಿದರೆ ಸುಮಾರು 8.7 ತಿಂಗಳು, ಅಂದರೆ ಸರಾಸರಿ ಮೂವರ ಕೆಲಸ. 10ರ ಬದಲು 10,000 ಎಂದು ಹಾಕಿ ಅಸಾಧ್ಯ ಉತ್ತರ ತೆಗೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಸೂತ್ರಕ್ಕಿಂತ ಘಾತದ ಅರ್ಥ ತಿಳಿಯುವುದು ಮುಖ್ಯ: ಅದು 1ಕ್ಕಿಂತ ಹೆಚ್ಚಿರುವುದರಿಂದ ಗಾತ್ರ ಎರಡು ಪಟ್ಟಾದರೆ ಶ್ರಮ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ನಿಮ್ಮ ಪ್ರಾಜೆಕ್ಟ್‌ನ ಅಂದಾಜಿಗೆ ಮಾತ್ರ ಇದನ್ನು ಬಳಸಬೇಡಿ. ಆ ಸ್ಥಿರಾಂಕಗಳು 63 ಹಳೆಯ ಪ್ರಾಜೆಕ್ಟ್‌ಗಳ ದಾಖಲೆಯಿಂದ ಬಂದವು. ನಿಮ್ಮ ತಂಡದ ಹಿಂದಿನ ವಾರದ ದಾಖಲೆಯೇ ಅದಕ್ಕಿಂತ ಒಳ್ಳೆಯ ಆಧಾರ.

ಆ ದಾಖಲೆ ಎಲ್ಲಿಂದ ಬರಬೇಕು? ಮೊದಲ ದಿನದಿಂದಲೇ ನಾಲ್ಕು ಕಾಲಮ್‌ನ ಒಂದು ಹಾಳೆ ಇಡಿ: ಕೆಲಸ, ಅಂದಾಜು ಗಂಟೆ, ನಿಜವಾಗಿ ಹಿಡಿದ ಗಂಟೆ, ವ್ಯತ್ಯಾಸಕ್ಕೆ ಕಾರಣ. ನಾಲ್ಕನೆಯ ಕಾಲಮ್ಮನ್ನು ಖಾಲಿ ಬಿಡಬೇಡಿ. ಮೂರು ವಾರ ಕಳೆಯುವಷ್ಟರಲ್ಲಿ 'ಪರದೆಗಳ ಅಂದಾಜು ಸರಿಯಿರುತ್ತದೆ, ಕೂಡಿಸುವ ಕೆಲಸಕ್ಕೆ ಮಾತ್ರ ಎರಡು ಪಟ್ಟು ಹಿಡಿಯುತ್ತದೆ' ಎಂಬಂಥ ನಿಮ್ಮ ತಂಡದ್ದೇ ಆದ ಸತ್ಯ ಹೊರಬೀಳುತ್ತದೆ. ಈ ಇಡೀ ಕೋರ್ಸಿನಲ್ಲಿ ಒಂದೇ ಒಂದು ಅಭ್ಯಾಸ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ.

ಪ್ರಗತಿ ಅಳೆಯಲು ಗಳಿಸಿದ ಮೌಲ್ಯದ ವಿಧಾನವಿದೆ. ಒಟ್ಟು 200 ಗಂಟೆಯ ಯೋಜನೆ ಎನ್ನಿ. ಇವತ್ತಿಗೆ 100 ಗಂಟೆಯ ಕೆಲಸ ಆಗಿರಬೇಕಿತ್ತು, ನಿಜವಾಗಿ ಮುಗಿದ ತುಂಡುಗಳ ಮೂಲ ಅಂದಾಜು 80 ಗಂಟೆ, ಅದಕ್ಕೆ ಖರ್ಚಾದದ್ದು 120. ಗಳಿಸಿದ್ದನ್ನು ಖರ್ಚಿನಿಂದ ಭಾಗಿಸಿದರೆ 0.67, ಯೋಜಿಸಿದ್ದರಿಂದ ಭಾಗಿಸಿದರೆ 0.8 (ಇದು ವೇಳೆಯ ಸೂಚ್ಯಂಕ). ಇದೇ ವರಸೆಯಲ್ಲಿ ಹೋದರೆ ಒಟ್ಟು ಕೆಲಸಕ್ಕೆ 200 ಭಾಗಿಸು 0.67, ಅಂದರೆ 300 ಗಂಟೆ ಬೇಕು. ಈ ವಿಧಾನ ಹಾಳಾಗುವುದು 'ಶೇಕಡಾ 90 ಆಗಿದೆ' ಎಂಬ ಮಾತಿನಿಂದ. ಆ 90 ಮೂರು ವಾರವಾದರೂ 90 ಆಗಿಯೇ ಇರುತ್ತದೆ. ಅದಕ್ಕೆ ಸೊನ್ನೆ ಅಥವಾ ನೂರು ಎಂಬ ನಿಯಮ ಇಟ್ಟುಕೊಳ್ಳಿ: ತುಂಡು ಪೂರ್ತಿ ಮುಗಿದರೆ ಮಾತ್ರ ಅದರ ಗಂಟೆಗಳು ಗಳಿಕೆಗೆ ಸೇರುತ್ತವೆ. ತುಂಡುಗಳನ್ನು 16 ಗಂಟೆಯೊಳಗೆ ಇಡಲು ಹೇಳಿದ್ದು ಇದಕ್ಕೂ ಸೇರಿ. ಹಾಗೆಯೇ, ವೇಳೆಯ ಸೂಚ್ಯಂಕ ಪ್ರಾಜೆಕ್ಟ್ ಮುಗಿಯುವಾಗ ತಾನಾಗಿಯೇ 1ಕ್ಕೆ ಬಂದು ನಿಲ್ಲುತ್ತದೆ, ಕೆಲಸ ಎಷ್ಟೇ ತಡವಾಗಿದ್ದರೂ. ಕೊನೆಯ ವಾರಗಳಲ್ಲಿ ಅದನ್ನು ನಂಬಿ ಕೂರಬೇಡಿ.

ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು ಪ್ರತಿ ಪುಸ್ತಕದಲ್ಲೂ ಇದೆ. ಉತ್ತರದಲ್ಲಿ ಕಾರಣವನ್ನೂ ಲೆಕ್ಕದ ಸಮೇತ ಬರೆಯಿರಿ: ನಾಲ್ವರ ನಡುವೆ 6 ಸಂಪರ್ಕದ ದಾರಿಗಳು, ಎಂಟು ಜನರ ನಡುವೆ 28. ಹೊಸಬರಿಗೆ ಕೆಲಸ ಕಲಿಸಲು ಹಳಬರ ಸಮಯವೇ ಹೋಗುತ್ತದೆ.

ರಿಸ್ಕ್ ಪಟ್ಟಿ ಎಂಟು ಹತ್ತು ಸಾಲಿಗಿಂತ ಉದ್ದ ಬೇಡ. ಪ್ರತಿಯೊಂದಕ್ಕೂ ಸಂಭವನೀಯತೆ, ನಷ್ಟದ ಗಂಟೆ, ತಡೆಯುವ ಕ್ರಮ, ಹೊಣೆ ಹೊತ್ತವರ ಹೆಸರು ಇರಲಿ. ಹೊರಗಿನ ಪಾವತಿ ಸೇವೆ ಜೋಡಣೆಯಾಗದೆ 20 ಗಂಟೆ ಹೋಗುವ ಸಂಭವ 30 ಪ್ರತಿಶತವೆಂದರೆ ಅದರ ಭಾರ 6 ಗಂಟೆ. ಮೊದಲ ವಾರದಲ್ಲೇ 2 ಗಂಟೆ ಕೊಟ್ಟು ಜೋಡಿಸಿ ನೋಡಿದರೆ ಸಂಭವ 10 ಪ್ರತಿಶತಕ್ಕೆ, ಭಾರ 2 ಗಂಟೆಗೆ ಇಳಿಯುತ್ತದೆ ಎನ್ನಿ. 2 ಗಂಟೆ ಹಾಕಿ 4 ಗಂಟೆಯ ಭಾರ ಇಳಿಸಿದಿರಿ, ಹಾಗಾಗಿ ಆ ಕ್ರಮ ಮಾಡುವಂಥದ್ದೇ. 'ವಿದ್ಯುತ್ ಹೋಗಬಹುದು, ಯಾರಿಗಾದರೂ ಜ್ವರ ಬರಬಹುದು' ಎಂದು ಬರೆದು ಮುಂದೇನೂ ಹೇಳದ ಪಟ್ಟಿಗೆ ಯಾವ ಬೆಲೆಯೂ ಇಲ್ಲ.

ಈಗ ಕ್ವಾಲಿಟಿ. ಮೊದಲು ಮೂರು ಪದಗಳನ್ನು ಬೇರ್ಪಡಿಸಿಕೊಳ್ಳಿ. ದೋಷ ಹುಟ್ಟದಂತೆ ಕೆಲಸದ ರೀತಿಯನ್ನೇ ಸರಿಯಿಡುವುದು ಅಶ್ಯೂರೆನ್ಸ್. ಸಿದ್ಧವಾದ ವಸ್ತುವನ್ನು ಮಾನದಂಡಕ್ಕೆ ಹಿಡಿದು ನೋಡುವುದು ಕಂಟ್ರೋಲ್. ಟೆಸ್ಟಿಂಗ್ ಆ ಕಂಟ್ರೋಲಿನ ಒಂದು ಸಾಧನ. ಕೊನೆಯ ವಾರ ಕೂತು ಟೆಸ್ಟ್ ಮಾಡಿ ಅದನ್ನೇ ಕ್ವಾಲಿಟಿ ಅಶ್ಯೂರೆನ್ಸ್ ಎಂದು ವರದಿಯಲ್ಲಿ ಬರೆದರೆ ಪರೀಕ್ಷಕರು ಹಿಡಿದೇ ಹಿಡಿಯುತ್ತಾರೆ.

ಗುಣಮಟ್ಟದ ಲಕ್ಷಣಗಳಿಗೆ ಐಎಸ್‌ಒ 25010 ಮಾನದಂಡವನ್ನು ಓದುತ್ತೀರಿ. 2011ರ ಆವೃತ್ತಿಯಲ್ಲಿ ಎಂಟು ಲಕ್ಷಣಗಳಿದ್ದವು, 2023ರದ್ದರಲ್ಲಿ ಸುರಕ್ಷತೆ (ಸೇಫ್ಟಿ) ಸೇರಿ ಒಂಬತ್ತಾಗಿವೆ, ಕೆಲವು ಹೆಸರುಗಳೂ ಬದಲಾಗಿವೆ. ನಿಮ್ಮ ಪಠ್ಯಕ್ರಮ ಯಾವುದನ್ನು ಹಿಡಿದಿದೆ ಎಂದು ನೋಡಿಕೊಂಡು ಉತ್ತರದಲ್ಲಿ ವರ್ಷವನ್ನು ನಮೂದಿಸಿ. ಪ್ರಾಜೆಕ್ಟ್‌ನಲ್ಲಿ ಪ್ರತಿ ಲಕ್ಷಣವನ್ನೂ ಅಳೆಯುವ ವಾಕ್ಯವಾಗಿ ಬರೆಯಿರಿ. 'ಪುಟ ಬೇಗ ತೆರೆಯಬೇಕು' ಎಂಬುದನ್ನು ಟೆಸ್ಟ್ ಮಾಡಲಾಗದು. '100 ಜನ ಒಟ್ಟಿಗೆ ಬಳಸುವಾಗ 100ರಲ್ಲಿ 95 ಕೋರಿಕೆಗಳಿಗೆ 2 ಸೆಕೆಂಡಿನೊಳಗೆ ಉತ್ತರ ಬರಬೇಕು' ಎಂಬುದನ್ನು ಮಾಡಬಹುದು.

ಟೆಸ್ಟ್ ವಿನ್ಯಾಸದಲ್ಲಿ ಗಡಿಬೆಲೆಯ ವಿಶ್ಲೇಷಣೆಗೆ ಹೆಚ್ಚು ಸಮಯ ಕೊಡಿ. ಒಂದು ಬುಕಿಂಗ್‌ಗೆ 1ರಿಂದ 50 ಆಸನ ಎಂಬ ನಿಯಮವಿದೆ ಎನ್ನಿ. ಸಮಾನ ಗುಂಪುಗಳ ಪ್ರಕಾರ ಮೂರು ಟೆಸ್ಟ್: 1ಕ್ಕಿಂತ ಕಡಿಮೆ, ಒಳಗಿನದೊಂದು, 50ಕ್ಕಿಂತ ಹೆಚ್ಚು. ಗಡಿಬೆಲೆ ಪ್ರಕಾರ 0, 1, 50, 51. ಕೋಡ್ ಬರೆದವರು ಮೇಲಿನ ಮಿತಿಗೆ '50 ಅಥವಾ ಅದಕ್ಕಿಂತ ಕಡಿಮೆ' ಎನ್ನುವ ಬದಲು '50ಕ್ಕಿಂತ ಕಡಿಮೆ' ಎಂದು ಬರೆದಿದ್ದಾರೆ. ನೀವು 20 ಮತ್ತು 80 ಕೊಟ್ಟು ನೋಡಿದಿರಿ. ಆ ಷರತ್ತಿನ ಎರಡೂ ಕವಲುಗಳು ಓಡಿದವು, ಟೆಸ್ಟ್‌ನಲ್ಲಿ ಎಷ್ಟು ಕೋಡ್ ಓಡಿತು ಎಂದು ಅಳೆಯುವ ಕವರೇಜ್ ಸಾಧನ 100 ಪ್ರತಿಶತ ಎಂದು ಹಸಿರು ತೋರಿಸಿತು. ಆದರೂ 50 ಆಸನ ಕೇಳಿದವರಿಗೆ ಬುಕಿಂಗ್ ಆಗುವುದಿಲ್ಲ. ಕೆಳಗಿನ ಮಿತಿಯ ಪರಿಶೀಲನೆಯನ್ನು ಬರೆಯಲು ಮರೆತೇಬಿಟ್ಟಿದ್ದರೆ ಅದನ್ನೂ ಕವರೇಜ್ ಹೇಳುವುದಿಲ್ಲ, ಇಲ್ಲದ ಕೋಡನ್ನು ಅದು ಎಣಿಸುವುದು ಹೇಗೆ? ಸೊನ್ನೆ ಆಸನದ ಬುಕಿಂಗ್ ಸಲೀಸಾಗಿ ಒಳಗೆ ಬರುತ್ತದೆ. ಯಾವ ಸಾಲು ಓಡಿಲ್ಲ ಎಂದು ತಿಳಿಯಲು ಕವರೇಜ್ ಒಳ್ಳೆಯ ಸಾಧನ, ಓಡಿದ ಸಾಲು ಸರಿಯಿದೆ ಎಂದು ಸಾಬೀತು ಮಾಡಲು ಅದರಿಂದ ಆಗದು.

ಇಲ್ಲಿಂದ ಮ್ಯುಟೇಶನ್ ಟೆಸ್ಟಿಂಗ್‌ಗೆ ಒಂದೇ ಹೆಜ್ಜೆ. ಸಾಧನವೊಂದು ನಿಮ್ಮ ಕೋಡಿನಲ್ಲಿ ಬೇಕೆಂದೇ ಸಣ್ಣ ತಪ್ಪುಗಳನ್ನು ಹಾಕುತ್ತದೆ: 'ಕಡಿಮೆ ಅಥವಾ ಸಮ' ಎಂಬಲ್ಲಿ 'ಕಡಿಮೆ', 'ಮತ್ತು' ಎಂಬಲ್ಲಿ 'ಅಥವಾ'. ಹಾಗೆ ಕೆಡಿಸಿದ ಮೇಲೂ ನಿಮ್ಮ ಟೆಸ್ಟ್‌ಗಳೆಲ್ಲ ಪಾಸಾದರೆ ಟೆಸ್ಟ್‌ಗಳೇ ದುರ್ಬಲ. ಇಡೀ ಪ್ರಾಜೆಕ್ಟ್‌ಗೆ ಓಡಿಸಲು ತುಂಬ ಹೊತ್ತು ಹಿಡಿಯುತ್ತದೆ, ಲೆಕ್ಕಾಚಾರವಿರುವ ಒಂದೆರಡು ಫೈಲ್‌ಗೆ ಸಾಕು.

ನಿರ್ಧಾರ ಕೋಷ್ಟಕ, ಸ್ಥಿತಿ ಪರಿವರ್ತನೆ ಎಂಬ ಟೆಸ್ಟ್ ವಿಧಾನಗಳು ಸುಲಭ, ಮೂರು ನಾಲ್ಕು ಅಭ್ಯಾಸಕ್ಕೆ ಕೈಗೆ ಹತ್ತುತ್ತವೆ. ಮೂರು ಹೌದು-ಇಲ್ಲ ಷರತ್ತುಗಳಿದ್ದರೆ ಎಂಟು ಕಾಲಮ್ ಎಂಬುದು ನೆನಪಿರಲಿ. ಮೆಕೇಬ್ 1976ರಲ್ಲಿ ಕೊಟ್ಟ ಸಂಕೀರ್ಣತೆಯ ಅಳತೆಗೆ, ಕೋಡಿನ ಹರಿವಿನ ನಕ್ಷೆಯ ಅಂಚುಗಳಲ್ಲಿ ಬಿಂದುಗಳನ್ನು ಕಳೆದು 2 ಕೂಡಿಸಿ. ನಿರ್ಧಾರಗಳ ಸಂಖ್ಯೆಗೆ 1 ಸೇರಿಸಿದರೂ ಅದೇ ಬರಬೇಕು. ಎರಡೂ ರೀತಿ ಮಾಡಿ ತಾಳೆ ನೋಡಿ. 10 ದಾಟಿದ ಫಂಕ್ಷನ್ನನ್ನು ಒಡೆಯಿರಿ ಎಂಬುದು ಅವರದೇ ಸೂಚನೆ.

ರಿವ್ಯೂಗೆ ಬನ್ನಿ, ವಿದ್ಯಾರ್ಥಿಗಳು ತೀರ ಹಗುರವಾಗಿ ನೋಡುವ ಅಧ್ಯಾಯ ಇದು. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಇನ್‌ಸ್ಪೆಕ್ಷನ್ ವಿಧಾನದಲ್ಲಿ ಯೋಜನೆ, ಪರಿಚಯ, ಒಬ್ಬೊಬ್ಬರೇ ಓದಿ ಸಿದ್ಧರಾಗುವುದು, ಸಭೆ, ತಿದ್ದುಪಡಿ, ಮರುಪರಿಶೀಲನೆ ಎಂಬ ಹಂತಗಳಿವೆ. ನಿಮ್ಮ ತಂಡದಲ್ಲಿ ಅಷ್ಟು ಔಪಚಾರಿಕತೆ ಬೇಡ, ಆದರೆ ಮೂರು ಕಟ್ಟುಪಾಡುಗಳಿರಲಿ. ಗಂಟೆಗೆ 100ರಿಂದ 200 ಸಾಲಿಗಿಂತ ಹೆಚ್ಚು ಓದಬೇಡಿ. ಒಮ್ಮೆ ಕೂತರೆ ಎರಡು ಗಂಟೆ ಮೀರಬೇಡಿ. ದೋಷವನ್ನು ಗುರುತಿಸಿ ಬರೆದುಕೊಳ್ಳಿ, ಪರಿಹಾರದ ಚರ್ಚೆಯನ್ನು ಸಭೆಯ ಹೊರಗೆ ಮಾಡಿ. 1,500 ಸಾಲಿನ ಬದಲಾವಣೆಯನ್ನು ರಾತ್ರಿ ಕಳಿಸಿ 'ನೋಡಿ' ಎಂದರೆ ಬರುವ ಉತ್ತರ 'ಚೆನ್ನಾಗಿದೆ' ಎಂದಷ್ಟೇ.

ದೋಷ ವರದಿ ಬರೆಯುವುದನ್ನು ಯಾರೂ ಕಲಿಸುವುದಿಲ್ಲ, ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ಅದು ಬೇಕಾಗುತ್ತದೆ. 'ಲಾಗಿನ್ ಆಗ್ತಿಲ್ಲ, ಬೇಗ ಸರಿಮಾಡಿ' ಎಂಬ ವರದಿ ಓದಿದ ಡೆವಲಪರ್‌ಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಿರಿ. ಶೀರ್ಷಿಕೆ: ಪಾಸ್‌ವರ್ಡ್‌ನ ಕೊನೆಗೆ ಖಾಲಿ ಜಾಗವಿದ್ದರೆ ನೋಂದಣಿಯಾಗುತ್ತದೆ, ಲಾಗಿನ್ ಆಗುವುದಿಲ್ಲ. ಯಾವ ಕಮಿಟ್, ಯಾವ ಬ್ರೌಸರ್. ಹೆಜ್ಜೆಗಳು: ಹೊಸ ಖಾತೆ ತೆರೆದೆ, ಪಾಸ್‌ವರ್ಡ್ ಕೊನೆಗೆ ಒಂದು ಸ್ಪೇಸ್ ಹಾಕಿದೆ, ಖಾತೆ ಆಯಿತು, ಲಾಗ್ ಔಟ್ ಮಾಡಿ ಅದೇ ಪಾಸ್‌ವರ್ಡ್ ಕೊಟ್ಟೆ. ಆಗಬೇಕಿದ್ದದ್ದು: ಒಳಗೆ ಹೋಗಬೇಕು, ಇಲ್ಲವೇ ನೋಂದಣಿಯಲ್ಲೇ ತಡೆಯಬೇಕು. ಆದದ್ದು: ತಪ್ಪು ಪಾಸ್‌ವರ್ಡ್ ಎಂಬ ಸಂದೇಶ. ಹತ್ತು ಸಲ ಮಾಡಿದರೆ ಹತ್ತೂ ಸಲ ಹೀಗೇ. ಇದನ್ನು ಓದಿದವರು, ಲಾಗಿನ್ ಪುಟ ಖಾಲಿ ಜಾಗವನ್ನು ಕತ್ತರಿಸುತ್ತಿದೆ, ನೋಂದಣಿ ಪುಟ ಕತ್ತರಿಸುತ್ತಿಲ್ಲ ಎಂದು ಕೋಡ್ ತೆರೆಯುವ ಮೊದಲೇ ಊಹಿಸಬಲ್ಲರು. ಜೊತೆಗೆ ತೀವ್ರತೆ ಬೇರೆ, ಆದ್ಯತೆ ಬೇರೆ ಎಂಬುದು ನೆನಪಿರಲಿ: ಮುಖಪುಟದಲ್ಲಿ ಸಂಸ್ಥೆಯ ಹೆಸರೇ ತಪ್ಪಾಗಿದ್ದರೆ ತೀವ್ರತೆ ಕಡಿಮೆ, ಆದ್ಯತೆ ಹೆಚ್ಚು.

ಪ್ರಾಜೆಕ್ಟ್‌ನಲ್ಲಿ ಇದೆಲ್ಲ ಹೇಗೆ ಎಂದು ಕೇಳಿದ್ದೀರಿ. ಮೊದಲು ಗಂಟೆಗಳನ್ನು ಎಣಿಸಿ. ನಾಲ್ವರು, ವಾರಕ್ಕೆ ತಲಾ 6 ಗಂಟೆ, 14 ವಾರ: 336 ಗಂಟೆ. ವಾರಕ್ಕೊಂದು ಗಂಟೆಯ ಸಭೆಯೆಂದರೆ ನಾಲ್ವರದ್ದು ಸೇರಿ 56 ಗಂಟೆ ಅಲ್ಲಿಗೇ ಹೋಯಿತು. ಉಳಿದ ಪತ್ರಿಕೆಗಳ ಪರೀಕ್ಷೆ, ಅನಾರೋಗ್ಯ ಎಲ್ಲ ಕಳೆದರೆ ಸುಮಾರು 235 ಗಂಟೆಗೆ ಮಾತ್ರ ಕೆಲಸ ಒಪ್ಪಿಕೊಳ್ಳಿ. ಮೊದಲ ಎರಡು ವಾರ ಅಗತ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಿ. ಮೂರನೆಯ ವಾರ ಮುಗಿಯುವಷ್ಟರಲ್ಲಿ ಒಂದೇ ಒಂದು ಎಳೆ ಓಡಬೇಕು: ಒಂದು ಪರದೆ, ಅದರ ಹಿಂದಿನ ಸರ್ವರ್, ಡೇಟಾಬೇಸ್, ಒಂದು ಸ್ವಯಂಚಾಲಿತ ಟೆಸ್ಟ್, ಪ್ರತಿ ಕಮಿಟ್‌ಗೂ ತಾನಾಗಿ ಆಗುವ ಬಿಲ್ಡ್. ನಾಲ್ವರೂ ನಾಲ್ಕು ಭಾಗಗಳನ್ನು ಬೇರೆ ಬೇರೆ ಬರೆದು 13ನೆಯ ವಾರ ಕೂಡಿಸಲು ಕೂರುವುದೇ ವಿದ್ಯಾರ್ಥಿ ಪ್ರಾಜೆಕ್ಟ್‌ಗಳು ಮುಗ್ಗರಿಸುವ ಮುಖ್ಯ ಜಾಗ. ದಿನಾಂಕದ ರೂಪ, ಐಡಿಗಳ ಬಗೆ, ದೋಷ ಬಂದಾಗ ಏನು ಕಳಿಸಬೇಕು ಎಂಬ ಚಿಕ್ಕ ಚಿಕ್ಕ ಒಪ್ಪಂದಗಳು ಯಾರ ತಲೆಯಲ್ಲೂ ಒಂದೇ ಇರುವುದಿಲ್ಲ, ಒಟ್ಟಿಗೆ ಓಡಿಸಿದಾಗಲೇ ಗೊತ್ತಾಗುವುದು. ನಾಲ್ಕರಿಂದ 12ನೆಯ ವಾರದವರೆಗೆ ಆ ಎಳೆಗೆ ಒಂದೊಂದೇ ಅಂಶ ಸೇರಿಸುತ್ತ ಹೋಗಿ. ಕೊನೆಯ ಎರಡು ವಾರ ಹೊಸ ಅಂಶ ಬೇಡ.

'ಮುಗಿದಿದೆ' ಎಂಬುದನ್ನು ಐದು ಸಾಲಿನಲ್ಲಿ ಬರೆದು ನಾಲ್ವರೂ ಒಪ್ಪಿಕೊಳ್ಳಿ: ಮುಖ್ಯ ಶಾಖೆಗೆ ಸೇರಿದೆ, ಬರೆದವರಲ್ಲದೆ ಇನ್ನೊಬ್ಬರು ಓದಿದ್ದಾರೆ, ಸ್ವಯಂಚಾಲಿತ ಟೆಸ್ಟ್‌ಗಳು ಪಾಸಾಗಿವೆ, ಗಡಿಬೆಲೆಗಳು ಅವುಗಳಲ್ಲಿ ಇವೆ, ಯಾವ ಅಗತ್ಯಕ್ಕೆ ಎಂಬ ಸಂಖ್ಯೆ ಕಮಿಟ್‌ನಲ್ಲಿದೆ. ಅಗತ್ಯಗಳ ಸಂಖ್ಯೆ ಒಂದು ಕಡೆ, ಟೆಸ್ಟ್‌ಗಳ ಸಂಖ್ಯೆ ಇನ್ನೊಂದು ಕಡೆ ಬರೆದು ಜೋಡಣೆಯ ಕೋಷ್ಟಕ ಮಾಡಿ. ಟೆಸ್ಟ್ ಇಲ್ಲದ ಅಗತ್ಯ, ಅಗತ್ಯವಿಲ್ಲದ ಟೆಸ್ಟ್, ಎರಡೂ ಕಣ್ಣಿಗೆ ಬೀಳುತ್ತವೆ. ದಾಖಲೆಗಳನ್ನು ಕೊನೆಯಲ್ಲಿ ಕೂತು ಹಿಂದಿನ ತಾರೀಖು ಹಾಕಿ ಬರೆಯಬೇಡಿ. ಗಿಟ್‌ನ ಇತಿಹಾಸ ತೆರೆದರೆ ಪರೀಕ್ಷಕರಿಗೆ ನಿಜ ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ದಾಖಲೆಯಿಂದ ನೀವು ಕಲಿಯಬಹುದಾಗಿದ್ದು ಏನೂ ಉಳಿಯುವುದಿಲ್ಲ.

ಕೊನೆಯ ಎರಡು ವಾರಕ್ಕೆ ಒಂದು ಪ್ರಯೋಗ. ಇಬ್ಬರು ಪರಸ್ಪರ ಮಾತಾಡಿಕೊಳ್ಳದೆ ಒಂದೇ ಆವೃತ್ತಿಯನ್ನು ಟೆಸ್ಟ್ ಮಾಡಲಿ. ಒಬ್ಬರಿಗೆ 20 ದೋಷ, ಇನ್ನೊಬ್ಬರಿಗೆ 15, ಇಬ್ಬರಿಗೂ ಸಿಕ್ಕ ಸಮಾನ ದೋಷಗಳು 10 ಎನ್ನಿ. 20 ಮತ್ತು 15ನ್ನು ಗುಣಿಸಿ 10ರಿಂದ ಭಾಗಿಸಿದರೆ ಒಟ್ಟು ಸುಮಾರು 30. ಸಿಕ್ಕಿರುವುದು 25, ಇನ್ನೂ ಐದು ಒಳಗಿವೆ ಎಂದು ಅಂದಾಜು. ಇಬ್ಬರೂ ಒಂದೇ ಸುಲಭದ ಜಾಗಗಳನ್ನು ತಡಕಿದ್ದರೆ ಸಮಾನ ದೋಷಗಳು ಹೆಚ್ಚಾಗಿ ಅಂದಾಜು ನಿಜಕ್ಕಿಂತ ಕಡಿಮೆ ಬರುತ್ತದೆ, ಈ ಮಿತಿಯನ್ನೂ ವರದಿಯಲ್ಲಿ ಬರೆಯಿರಿ. 'ಎಲ್ಲ ದೋಷ ಸರಿಪಡಿಸಲಾಗಿದೆ' ಎಂಬ ವಾಕ್ಯಕ್ಕಿಂತ ಇದು ಪ್ರಾಮಾಣಿಕ ಉತ್ತರ.

ಕೆಲಸವನ್ನು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಮುಗಿಸುವ ಅಜೈಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪುಸ್ತಕಗಳು ಚೆನ್ನಾಗಿಯೇ ಹೇಳುತ್ತವೆ. 2001ರ ಪ್ರಣಾಳಿಕೆಯ ನಾಲ್ಕು ಮೌಲ್ಯಗಳು, ಅಜೈಲ್‌ನ ಒಂದು ರೂಪವಾದ ಸ್ಕ್ರಮ್‌ನ ಮೂರು ಹೊಣೆಗಳು, ಸ್ಪ್ರಿಂಟ್ ಎಂಬ ಒಂದು ತಿಂಗಳು ಮೀರದ ಸುತ್ತು, ದಿನಕ್ಕೆ 15 ನಿಮಿಷದ ಸಭೆ, ಇವನ್ನು ಒಂದು ಸಂಜೆಯಲ್ಲಿ ಓದಬಹುದು. ಕೆಲಸಗಳ ಗಾತ್ರವನ್ನು ಒಂದಕ್ಕೊಂದು ಹೋಲಿಸಿ ಕೊಡುವ ಸ್ಟೋರಿ ಪಾಯಿಂಟ್‌ಗಳನ್ನು ಗಂಟೆಗೆ ಬದಲಿಸುವುದು, ಒಂದು ತಂಡದ ವೇಗವನ್ನು ಇನ್ನೊಂದರ ಜೊತೆ ಹೋಲಿಸುವುದು ಎರಡೂ ತಪ್ಪು, ಆ ಅಳತೆ ಆಯಾ ತಂಡದೊಳಗೆ ಮಾತ್ರ ಅರ್ಥವುಳ್ಳದ್ದು. ಒಂದು ಹಂತ ಮುಗಿದ ಮೇಲೆ ಇನ್ನೊಂದಕ್ಕೆ ಹೋಗುವ ವಾಟರ್‌ಫಾಲ್ ಮಾದರಿಯನ್ನು ರಾಯ್ಸ್ 1970ರಲ್ಲಿ ಪ್ರತಿಪಾದಿಸಿದರು ಎಂದು ಬರೆಯುವ ಮುನ್ನ ಸ್ವಲ್ಪ ನಿಲ್ಲಿ: ಅವರ ಪ್ರಬಂಧ ಆ ಸರಳ ಚಿತ್ರವನ್ನು ತೋರಿಸಿ, ಹಾಗೇ ಬಳಸಿದರೆ ಅಪಾಯ ಎಂದು ಎಚ್ಚರಿಸುತ್ತದೆ. 'ವಾಟರ್‌ಫಾಲ್' ಎಂಬ ಪದವೂ ಅದರಲ್ಲಿಲ್ಲ.

ಪ್ರಮಾಣಪತ್ರಗಳ ವಿಚಾರ. ಸಾಫ್ಟ್‌ವೇರ್ ಟೆಸ್ಟಿಂಗ್‌ನ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆಯಲ್ಲಿ 40 ಪ್ರಶ್ನೆ, 60 ನಿಮಿಷ, ಪಾಸಾಗಲು 26 ಸರಿಯುತ್ತರ. ಪರೀಕ್ಷೆಯ ಭಾಷೆ ನಿಮ್ಮ ಮಾತೃಭಾಷೆಯಲ್ಲದಿದ್ದರೆ 15 ನಿಮಿಷ ಹೆಚ್ಚುವರಿ ಸಿಗುತ್ತದೆ. ನಿಮ್ಮ ಕ್ವಾಲಿಟಿ ಪತ್ರಿಕೆಯನ್ನು ಸರಿಯಾಗಿ ಓದಿದ್ದರೆ ಅದರ ಬಹುಪಾಲು ಪಠ್ಯ ಮುಗಿದಂತೆಯೇ, ಆದ್ದರಿಂದ ಟೆಸ್ಟಿಂಗ್ ಕಡೆ ಹೋಗುವ ಮನಸ್ಸಿದ್ದರೆ ಸೆಮಿಸ್ಟರ್ ಮುಗಿದ ಕೂಡಲೇ ಬರೆಯಿರಿ. ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿ ಪರೀಕ್ಷೆಗೆ ಪ್ರಾಜೆಕ್ಟ್‌ಗಳನ್ನು ಮುನ್ನಡೆಸಿದ ವರ್ಷಗಳ ಅನುಭವ ಬೇಕು, ಈಗ ಅದರ ಯೋಚನೆ ಬಿಡಿ. ಸಂದರ್ಶನಕ್ಕೆ ಹೋಗುವಾಗ ಅಂದಾಜಿನ ನಾಲ್ಕು ಕಾಲಮ್‌ನ ಹಾಳೆ, ಜೋಡಣೆಯ ಕೋಷ್ಟಕ, ಹತ್ತು ಒಳ್ಳೆಯ ದೋಷ ವರದಿಗಳು ಇರುವ ರೆಪಾಸಿಟರಿಯನ್ನು ಸಿದ್ಧವಾಗಿಟ್ಟುಕೊಳ್ಳಿ. ಯಾವ ಅಂದಾಜು ತಪ್ಪಿತು, ಏಕೆ ತಪ್ಪಿತು ಎಂದು ಕೇಳಿದರೆ ನಾಲ್ಕನೆಯ ಕಾಲಮ್ ತೆರೆದು ತೋರಿಸಿ.